ಅಕ್ಕನ ಕಿಡ್ನಿಯ ಸ್ಲೈಡು

ಮಣಿಪಾಲದ ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳಿಗೆ ಕಿಡ್ನಿಯ ಸ್ಲೈಡು ತೋರಿಸುತ್ತಲೇ ನನ್ನ ತಲೆ ನರೆತದ್ದು. ರಕ್ತ ಸೋಸುವ ಪುಟ್ಟ ಗಂಟುಗಳನ್ನು ಅವರು ಗುಲಾಬಿ, ನೇರಳೆ ಪೆನ್ಸಿಲಿನಲ್ಲಿ ಬಿಡಿಸುತ್ತಾರೆ. ಗ್ಲೊಮೆರುಲಸ್ ಎಂದು ಅದರ ಹೆಸರು. ಚೆಂದ ಮಾಡಲು ಹೋಗಿ ಬಣ್ಣ ತುಂಬಿಸಿಬಿಟ್ಟರೆ ಬೈಯುತ್ತೇನೆ: ಅದೇನು ಲಾಡುವೇ? ಕೂದಲಿಗಿಂತ ಸಪೂರ ರಕ್ತನಾಳಗಳ ಸಿಕ್ಕು ಅದು. ನಡುನಡುವೆ ತೂತು ಕಾಣಬೇಕು, ಸುತ್ತ ಬಿಳಿ ಜಾಗ ಇರಬೇಕು.

ಹೀಗೆ ಊರಿಗೆಲ್ಲ ಪಾಠ ಹೇಳುವವಳಿಗೆ ಆ ಮಧ್ಯಾಹ್ನ ಮೈಕ್ರೊಸ್ಕೋಪಿನ ದೀಪ ಹಾಕಲು ಕೈ ಬರಲಿಲ್ಲ. ಸ್ಲೈಡು ನನ್ನ ಅಕ್ಕನದು. ಮಟ್ಟು ಊರಿನಲ್ಲಿ ಗುಳ್ಳ ಎಂಬ ದುಂಡು ಬದನೆ ಬೆಳೆಯುವ ಮನೆಗೆ ಮದುವೆಯಾಗಿ ಹೋದವಳು. ಕಾಲು ಬಾತು ಚಪ್ಪಲಿ ಹಿಡಿಸದಿದ್ದರೂ "ಎಂತ ಇಲ್ಲ, ನಿಂತು ನಿಂತು ಹಾಗೆ" ಎನ್ನುತ್ತಿದ್ದಳು. ಕೊನೆಗೆ ಕಿಡ್ನಿಗೆ ಸೂಜಿ ಚುಚ್ಚಿ ಶಾವಿಗೆ ಎಳೆಯಷ್ಟು ತುಣುಕು ತೆಗೆದರು. ವರದಿ ಬರೆಯುವ ಗೆಳತಿ ನನಗೆ ಮುಖ ಕೊಡದೆ "ನೀನೇ ಒಮ್ಮೆ ನೋಡು" ಎಂದು ಸ್ಲೈಡನ್ನು ಕೈಗಿಟ್ಟಳು.

"ನನ್ನದೇ ಅಲ್ವಾ, ನಾನೂ ನೋಡ್ತೇನೆ" ಎಂದು ಅಕ್ಕ ಪಕ್ಕದಲ್ಲೇ ಕುಳಿತಳು. ಪಾಠಕ್ಕೆಂದು ಇಟ್ಟ, ಇಬ್ಬರು ಒಟ್ಟಿಗೆ ನೋಡುವ ಮೈಕ್ರೊಸ್ಕೋಪ್ ಅದು. ಬೇಡವೆಂದರೆ ಕೇಳುವ ಪೈಕಿ ಅವಳಲ್ಲ.

ನೋಡಿದೆ. ಮೊದಲು ಕಂಡದ್ದು ಒಂದು ಗುಲಾಬಿ ಗುಂಡು, ನುಣ್ಣಗೆ, ಗಟ್ಟಿಯಾಗಿ. ಅದರಾಚೆಯದೂ ಹಾಗೆಯೇ. ಬೇಗ ಬೇಗ ಸ್ಲೈಡು ಸರಿಸತೊಡಗಿದೆ.

"ಎಲ್ಲ ಒಳ್ಳೇದೇ ಉಂಟಲ್ಲ!" ಅಕ್ಕನ ಸ್ವರ ಅರಳಿತು. "ಒಂದಕ್ಕೂ ತೂತಿಲ್ಲ, ಹುಳ ಬಿದ್ದಿಲ್ಲ. ಗುಳ್ಳ ಹೀಗಿದ್ದರೆ ಕಣ್ಣು ಮುಚ್ಚಿ ಬುಟ್ಟಿಗೆ ಹಾಕ್ತೇವೆ. ನೀನು ಸುಮ್ಮನೆ ಹೆದರಿಸಿದ್ದು ಮಾರಾಯ್ತಿ."

ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಹೌದು ಅಕ್ಕಾ ಎಂದುಬಿಡುವಷ್ಟು ಆಸೆಯಾಯಿತು. ಆದರೆ ಹಾಗೆಂದರೆ ನಾಳೆಯೇ ಮಾತ್ರೆ ಬಿಸಾಡಿ ಗದ್ದೆಗೆ ಇಳಿಯುವವಳು ಇವಳು.

"ಅಕ್ಕಾ, ಇದು ಗುಳ್ಳ ಅಲ್ಲ. ಇದರಲ್ಲಿ ತೂತು ಇದ್ದರೇ ಜೀವ. ಇವೆಲ್ಲ ಮುಚ್ಚಿಹೋಗಿವೆ."

ಅಕ್ಕ ಮೈಕ್ರೊಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. "ಹಾಗಾದ್ರೆ ತೂತು ಇರುವುದನ್ನು ತೋರಿಸು" ಎಂದಳು.

ಸರಿಸಿದೆ. ಗುಂಡು. ಮತ್ತೆ ಸರಿಸಿದೆ. ತುಣುಕು ಮುಗಿಯುವಲ್ಲಿ, ಅಂಚಿನಲ್ಲಿ, ಒಂದು ಸಿಕ್ಕಿತು. ನಾಳಗಳು ಬಿಚ್ಚಿಕೊಂಡಿದ್ದವು, ಸುತ್ತ ಬಿಳಿ ಜಾಗ ಉಳಿದಿತ್ತು. ಇನ್ನೊಂದಾದರೂ ಇದೆಯೇ ಎಂದು ಹುಡುಕಹೊರಟೆ. ಅಕ್ಕ ನನ್ನ ಕೈ ಹಿಡಿದಳು.

"ಸರಿಸಬೇಡ. ಇದು ಇಲ್ಲೇ ಇರಲಿ."