ಕಾಗೆ ಪಾಸ್

ನನಗೆ ನೆಟ್‌ಬಾಲ್ ಬರುತ್ತಿರಲಿಲ್ಲ. ಬರುತ್ತದೆಯೇ ಎಂದು ನನ್ನನ್ನು ಯಾರೂ ಕೇಳಲೂ ಇಲ್ಲ. ಐವತ್ತರ ದಶಕದ ಕೊನೆಯ ವರ್ಷಗಳು. ಮದರಾಸಿನ ಮಾಂಬಲದಲ್ಲಿ ನಮ್ಮ ಕನ್ನಡದವರೇ ನಡೆಸುತ್ತಿದ್ದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೇ ತರಗತಿಗೆ ಲೆಕ್ಕ ಹೇಳಿಕೊಡಲು ಸೇರಿದ್ದೆ. ಆಟ ಆಡಿಸುತ್ತಿದ್ದ ಆಂಗ್ಲೋ ಇಂಡಿಯನ್ ಮಿಸ್ಸು ಇದ್ದಕ್ಕಿದ್ದಂತೆ ಗಂಡನ ಜೊತೆ ಆಸ್ಟ್ರೇಲಿಯಕ್ಕೆ ಹಡಗು ಹತ್ತಿದರು. ಹೆಡ್‌ಮಿಸ್ಟ್ರೆಸ್ ನನ್ನನ್ನು ಕೋಣೆಗೆ ಕರೆಸಿ ಮೇಲಿಂದ ಕೆಳಗಿನವರೆಗೆ ನೋಡಿದರು. “ಉದ್ದ ಇದ್ದೀಯಮ್ಮ ನೀನು. ಚೆಂಡಾಟ ನೀನೇ ನೋಡ್ಕೋ,” ಎಂದು ಒಂದು ವಿಸಲ್ಲನ್ನೂ ಒಂದು ಇಂಗ್ಲಿಷ್ ಪುಸ್ತಕವನ್ನೂ ಮೇಜಿನ ಮೇಲೆ ಇಟ್ಟರು. ಉದ್ದವಾಗಿರುವುದೂ ಒಂದು ವಿದ್ಯಾರ್ಹತೆ ಎಂದು ನನಗೆ ತಿಳಿದದ್ದು ಅಂದು.

ನನ್ನದು ತಾತ್ಕಾಲಿಕ ನೌಕರಿ. ವರ್ಷದ ಕೊನೆಗೆ ಇನ್‌ಸ್ಪೆಕ್ಟ್ರೆಸ್ ಬಂದು ನೋಡಿ ಒಪ್ಪಿದರೆ ಖಾಯಂ, ಇಲ್ಲವಾದರೆ ಮನೆ. ಮನೆಗೆ ಹೋದರೆ ಪೆಟ್ಟಿಗೆಯೊಳಗಿನ ಜಾತಕ ಹೊರಗೆ ಬರುತ್ತಿತ್ತು, ಅದು ಹಾಗಿರಲಿ. ನನ್ನ ಭಯವೆಲ್ಲ ತಿಂಗಳಿನ ಆ ಮೂರು ದಿನಗಳದ್ದು. ಮೂರು ತಲೆಮಾರು ಮದರಾಸಿನ ಉಪ್ಪುನೀರು ಕುಡಿದರೂ ನಮ್ಮ ಮನೆಯ ಮಡಿ ಒಂದು ದಾರದಷ್ಟೂ ಸಡಿಲಾಗಿರಲಿಲ್ಲ. ಆ ಮೂರು ದಿನ ನನಗೆ ಹಿತ್ತಿಲ ಕಡೆಯ ಓಣಿಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ಯಾರೂ ಮುಟ್ಟುವ ಹಾಗಿಲ್ಲ. ಆದರೆ ಹಿತ್ತಿಲ ಬಾಗಿಲಿನಿಂದ ಹೊರಟು ಬಸ್ಸು ಹತ್ತಿದರೆ ಸಂಜೆಯವರೆಗೆ ನಾನೂ ಎಲ್ಲರಂತೆ ಮನುಷ್ಯಳು. ಶಾಲೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಮಕ್ಕಳು ಕೈ ಹಿಡಿದು ಎಳೆಯುತ್ತಿದ್ದರು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ತಿಂಗಳ ಮೊದಲ ತಾರೀಕಿಗೆ ಸಂಬಳ ಬರುತ್ತಿದ್ದುದರಿಂದ ಅಜ್ಜಿಯ ಶಾಸ್ತ್ರಕ್ಕೂ ಬಸ್ ಸ್ಟಾಪಿನ ಆಚೆಗೆ ಕಣ್ಣು ಕಾಣಿಸುತ್ತಿರಲಿಲ್ಲ. ನೌಕರಿ ಹೋದರೆ ಆ ಮೂರು ದಿನವೂ ಚಾಪೆಯೇ ಗತಿ. ಅದಕ್ಕೇ ನಾನು ಹೆದರಿದ್ದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದೆ. ಪುಸ್ತಕದ ಪ್ರಕಾರ ಮೊದಲ ಪಾಠ ಪಾಸ್ ಮಾಡುವುದು. ಚೆಂಡನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದು, ಒಂದು ಹೆಜ್ಜೆ ಮುಂದಿಟ್ಟು, ಎದುರಿನವಳ ಎದೆಯ ಮಟ್ಟಕ್ಕೆ ಹೋಗುವಂತೆ ದೂಡಬೇಕು. ಇಷ್ಟೇ. ಏಳೆಂಟು ವರ್ಷದ ಇಪ್ಪತ್ತು ಹುಡುಗಿಯರನ್ನು ಎರಡು ಸಾಲಿನಲ್ಲಿ ಎದುರುಬದುರು ನಿಲ್ಲಿಸಿ ವಿಸಲ್ ಊದಿದೆ. ಮೊದಲನೆಯವಳು ಚೆಂಡು ಹಿಡಿದುಕೊಂಡು ನಿಧಾನವಾಗಿ ನಡೆದು ಬಂದಳು. ಎದುರಿನವಳ ಮುಂದೆ ನೆಲದ ಮೇಲೆ ಅದನ್ನು ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಎದುರಿನವಳು ಬಗ್ಗಿ ಎತ್ತಿಕೊಂಡಳು. ಸಾಲಿನ ಕೊನೆಯವರೆಗೂ ಇದೇ ಮೆರವಣಿಗೆ.

“ಕೈಗೆ ಕೊಡ್ರೇ!” ಎಂದು ಅರಚಿದೆ.

“ಕೂಡಾದು ಟೀಚರ್, ಕೊಡಬಾರದು,” ಅಂದಳು ಎಲ್ಲರಿಗಿಂತ ಚಿಕ್ಕವಳು. ಮನೆಯಲ್ಲಿ ಕನ್ನಡ, ಬಾಯಲ್ಲಿ ತಮಿಳು, ನಮ್ಮ ಮಕ್ಕಳೆಲ್ಲ ಹಾಗೆಯೇ. “ಚರ್ಮದ ಚೆಂಡು. ಕೈಯಿಂದ ಕೈಗೆ ಕೊಟ್ರೆ ಇಬ್ಬರಿಗೂ ಮೈಲಿಗೆ. ಕೀಳೆ, ನೆಲದ ಮೇಲೆ ಇಡಬೇಕು, ಅವರು ಎತ್ತಿಕೋಬೇಕು.”

ಚೆಂಡು ಒಬ್ಬರಿಂದ ಒಬ್ಬರಿಗೆ ಹೋಗುವುದೇ ಆಟವಾದರೆ, ಹೀಗೆ ಆಡಿಸಿದರೆ ಒಂದು ಪಂದ್ಯ ಮುಗಿಯುವ ಹೊತ್ತಿಗೆ ಈ ಮಕ್ಕಳ ಮದುವೆಯಾಗಿ ಮೊಮ್ಮಕ್ಕಳಾಗಿರುತ್ತಿದ್ದರು. ಬೈದೆ, ಬೇಡಿಕೊಂಡೆ, ಪೆಪ್ಪರಮಿಂಟಿನ ಆಸೆ ತೋರಿಸಿದೆ. ಪೆಪ್ಪರಮಿಂಟನ್ನೂ ನೆಲದ ಮೇಲೆ ಇಡಿ ಅಂದರು! ನಗು ಬಂದರೂ ರಾತ್ರಿ ನಿದ್ದೆ ಬರಲಿಲ್ಲ.

ತಮಾಷೆ ಎಂದರೆ ಈ ಆಟದ ನಿಯಮಗಳನ್ನು ಓದಿದಷ್ಟೂ ನನಗೆ ನಮ್ಮ ಅಜ್ಜಿಯೇ ನೆನಪಾಗುತ್ತಿದ್ದಳು. ಎದುರಾಳಿಯನ್ನು ಮುಟ್ಟಕೂಡದು. ಮೂರು ಅಡಿ ದೂರ ನಿಲ್ಲಬೇಕು. ನಿನ್ನ ಜಾಗ ಬಿಟ್ಟು ಬೇರೆ ಕಡೆ ಕಾಲಿಡಕೂಡದು. ಇಂಗ್ಲೆಂಡಿನಲ್ಲೂ ಯಾರೋ ಮಡಿ ಹೆಂಗಸೇ ಕೂತು ಇದನ್ನು ಬರೆದಿರಬೇಕು.

ಆ ತಿಂಗಳು ನನ್ನ ಸರದಿ ಬಂತು. ಬೆಳಿಗ್ಗೆ ಓಣಿಯಲ್ಲಿ ಮುಖ ತೊಳೆದು ಟವೆಲ್ ಕೇಳಿದೆ. ಅಮ್ಮ ಅಡಿಗೆಮನೆಯ ಹೊಸಿಲಿನಲ್ಲಿ ನಿಂತು ಟವೆಲನ್ನು ಉಂಡೆ ಸುತ್ತಿ, ಎರಡೂ ಕೈಯಿಂದ ದೂಡಿದಳು. ಅದು ನೇರವಾಗಿ ನನ್ನ ಎದೆಗೆ ಬಂತು, ನಾನು ಹಿಡಿದೆ. ಹಿಡಿದವಳು ಹಾಗೆಯೇ ನಿಂತುಬಿಟ್ಟೆ. ಪುಸ್ತಕದ ಹನ್ನೆರಡನೇ ಪುಟದಲ್ಲಿ ದೊರೆಸಾನಿಯೊಬ್ಬಳು ಮಾಡಿ ತೋರಿಸಿದ್ದು ಇದನ್ನೇ!

ಅಂದು ಅಂಗಳದಲ್ಲಿ ಮಕ್ಕಳನ್ನು ಕೇಳಿದೆ: “ಅಮ್ಮನ್ನ ಕಾಗೆ ಮುಟ್ಟಿದಾಗ ಬಾಳೆಹಣ್ಣು ಹೇಗ್ರೇ ಕೊಡ್ತೀರಿ?” ಅಮ್ಮ ಯಾಕೆ ದೂರ ಕೂತಿದ್ದಾಳೆ ಎಂದು ಕೇಳುವ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಹೇಳುವುದು ಹಾಗೆಯೇ, ಕಾಗೆ ಮುಟ್ಟಿದೆ ಎಂದು. ಇಪ್ಪತ್ತು ಮುಖವೂ ಅರಳಿತು. “ಎಸೀತೀವಿ ಟೀಚರ್!” ಮೆಲ್ಲಗೆ ಎಸೆಯಬೇಕು, ಹಣ್ಣು ಜಜ್ಜಬಾರದು. ಅಮ್ಮ ಬಗ್ಗದೆ ಹಿಡಿಯುವಂತಿರಬೇಕು. ನಮ್ಮ ಕೈ ಬಿಟ್ಟ ಮೇಲೆಯೇ ಅವಳು ಹಿಡಿಯಬೇಕು, ಇಲ್ಲವಾದರೆ ನಮಗೂ ಸ್ನಾನ. ನಾನು ಕಲಿಸಬೇಕಾದ್ದನ್ನೆಲ್ಲ ಅವರೇ ನನಗೆ ಹೇಳಿದರು. “ಸರಿ, ಎದುರಿಗಿರುವವಳನ್ನ ಕಾಗೆ ಮುಟ್ಟಿದೆ,” ಎಂದು ವಿಸಲ್ ಊದಿದೆ. “ಕಾಗೇ!” ಎಂದು ಕೂಗಿ ಚಿಕ್ಕವಳು ಎಸೆದಳು. ಚೆಂಡು ಸಾಲಿನುದ್ದಕ್ಕೂ ಹೋಗಿ ಬಂತು, ಒಂದು ಸಲವೂ ನೆಲ ಮುಟ್ಟಲಿಲ್ಲ.

ಇನ್‌ಸ್ಪೆಕ್ಟ್ರೆಸ್ ಬಂದದ್ದು ಕೆಲವು ತಿಂಗಳ ಮೇಲೆ, ಸರಿಯಾಗಿ ನನ್ನ ಎರಡನೇ ದಿನ. ಮಲಯಾಳದ ಕಡೆಯವರು, ದಪ್ಪ ಕನ್ನಡಕ, ನಗುವ ಅಭ್ಯಾಸವಿಲ್ಲ. ಹುಡುಗಿಯರು “ಕಾಗೆ, ಕಾಗೆ” ಎಂದು ಕೂಗುತ್ತಾ ಐವತ್ತು ಪಾಸ್ ಮಾಡಿದರು. ಅವರು ಚಿಕ್ಕವಳನ್ನು ಹತ್ತಿರ ಕರೆದು ಕಾಗೆ ಎಂದರೇನು ಎಂದು ತಮಿಳಿನಲ್ಲಿ ಕೇಳಿದರು. ಅವಳು ಒಂದನ್ನೂ ಬಿಡದೆ ಹೇಳಿದಳು. ಅಮ್ಮ, ಚಾಪೆ, ಮೂರು ದಿನ, ಬಾಳೆಹಣ್ಣು, ಎಲ್ಲವನ್ನೂ. ಹೆಡ್‌ಮಿಸ್ಟ್ರೆಸ್ ಬೇವಿನ ಮರದ ಕಡೆ ನೋಡುತ್ತಾ ನಿಂತರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಇನ್‌ಸ್ಪೆಕ್ಟ್ರೆಸ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಬಹಳ ಹೊತ್ತು ಏನೋ ಬರೆದರು.

ಸಂಜೆ ಹೆಡ್‌ಮಿಸ್ಟ್ರೆಸ್ ಅದನ್ನು ಓದಿ ಹೇಳಿದರು: ಮಕ್ಕಳ ಮನೆಯ ಅನುಭವವನ್ನು ಶಿಕ್ಷಕಿ ಜಾಣತನದಿಂದ ಪಾಠಕ್ಕೆ ಬಳಸಿಕೊಂಡಿದ್ದಾರೆ. “ಜಾಣತನವಂತೆ! ನನ್ನ ಮಾನ ಹರಾಜು ಹಾಕಿದ್ಯಲ್ಲೇ ಹುಡುಗಿ. ಖಾಯಂ ಆಗಿದೆ, ಹೋಗು,” ಎಂದರು.

ಹಿತ್ತಿಲ ಬಾಗಿಲಿನಿಂದ ಒಳಗೆ ಬಂದೆ. ಅಮ್ಮ ಮಡಿಯಲ್ಲಿ ಹೊಸಿಲ ಮೇಲೆ ನಿಂತಿದ್ದಳು.

“ಏನಾಯ್ತೇ?”

“ಖಾಯಂ ಆಯ್ತಮ್ಮ.”

ಅವಳು ಹೊಸಿಲು ದಾಟಿ ಓಣಿಗೆ ಇಳಿದು ಬಂದಳು. ನಾನು ಗೋಡೆಗೆ ಒತ್ತಿಕೊಂಡು ಹಿಂದೆ ಸರಿದೆ. “ಅಮ್ಮಾ, ಬೇಡ, ಇವತ್ತು ಎರಡನೇ ದಿನ.”

“ಗೊತ್ತು ಕಣೇ,” ಎಂದಳು. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದುಕೊಂಡಳು. ಒಳಗಿನಿಂದ ಅಜ್ಜಿ ಕೂಗಾಡುತ್ತಿದ್ದಳು. ಅಮ್ಮ ಆತುರಪಡಲಿಲ್ಲ. ಆಮೇಲೆ ನನ್ನನ್ನು ಬಿಟ್ಟು ಬಚ್ಚಲಿಗೆ ಹೋದಳು. ಅವಳು ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳುತ್ತಾ ನಾನು ಚಾಪೆಯ ಮೇಲೆ ಕೂತು ಅತ್ತುಬಿಟ್ಟೆ.