ಹಾಳೆ ಎಣಿಸಿಕೊಂಡು ಹೋಗಿ

ಮೈಸೂರು ಲಕ್ಷ್ಮೀಪುರಂನ ಪಾರ್ವತಮ್ಮನವರಿಗೆ ಅನುಮಾನ ಹುಟ್ಟುಗುಣವೇನಲ್ಲ, ಅದು ಅಂಗಡಿಯಿಂದ ಬಂದದ್ದು. ತೊಂಬತ್ತಮೂರರಲ್ಲಿ ಗಂಡ ಶಿವಲಿಂಗಯ್ಯ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಒಂದು ಜೆರಾಕ್ಸ್ ಮೆಷಿನ್ ಇಟ್ಟರು. ಮರುವರ್ಷ ಒಂದು ಸಂಜೆ ಗಾಡಿಯವನ ಹತ್ತಿರ ಕಡಲೆಕಾಯಿ ಕೊಂಡು, ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ, ಎದುರುಮನೆ ಸುಮಿತ್ರಮ್ಮನ ಆಸ್ಪತ್ರೆ ರಿಪೋರ್ಟು! ತಮ್ಮದೇ ಮೆಷಿನ್ನಿನಲ್ಲಿ ಮಸಿ ಹತ್ತಿ ಕೆಟ್ಟಿದ್ದ ಪ್ರತಿ, ತಾವೇ ರದ್ದಿಗೆ ಹಾಕಿದ್ದು. ಆ ಕಾಯಿಲೆಯ ವಿಷಯ ಸುಮಿತ್ರಮ್ಮ ಹೆತ್ತ ಮಕ್ಕಳಿಗೂ ಹೇಳಿರಲಿಲ್ಲ. ಪಾರ್ವತಮ್ಮನವರಿಗೆ ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಅವರ ಅಂಗಡಿಯಿಂದ ಒಂದು ಕೆಟ್ಟ ಹಾಳೆ ಹೊರಗೆ ಹೋಗಿದ್ದರೆ ಕೇಳಿ. ಎಲ್ಲವನ್ನೂ ನಾಲ್ಕಾಗಿ ಹರಿದು ಗೋಣಿಚೀಲಕ್ಕೆ ತುಂಬಿ, ಬೆಳಿಗ್ಗೆ ಬಚ್ಚಲೊಲೆಗೆ ಹಾಕುತ್ತಿದ್ದರು. ಊರವರ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಜಾತಕಗಳ ಉರಿಯಲ್ಲೇ ಅವರ ಮನೆಯ ನೀರು ಕಾಯುತ್ತಿತ್ತು. ರದ್ದಿಯವನು ಮನೆ ಮುಂದೆ ಸೈಕಲ್ ನಿಧಾನ ಮಾಡಿದರೂ ಅನುಮಾನ. ಗಿರಾಕಿ ಪಕ್ಕದವರ ಅರ್ಜಿಯತ್ತ ಕತ್ತು ಚಾಚಿದರೆ, ಓದೋದಕ್ಕೆ ಲೈಬ್ರರಿ ಇದೆಯಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವರು. ಕೊನೆಗೆ ಪ್ರತಿಯೊಬ್ಬರಿಗೂ ಒಂದೇ ಮಾತು: "ಹಾಳೆ ಎಣಿಸ್ಕೊಂಡು ಹೋಗಿ. ನನ್ನನ್ನೂ ನಂಬ್ಬೇಡಿ." ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಬೀದಿಯವರು ನಗುತ್ತಿದ್ದರು. ನಗುತ್ತಲೇ ಎಣಿಸಿಕೊಳ್ಳುತ್ತಿದ್ದರು.

ಎಣಿಸದೆ ಹೋಗುತ್ತಿದ್ದವಳು ಒಬ್ಬಳೇ, ಹಿಂದಿನ ಬೀದಿಯ ವಸಂತಮ್ಮನ ಸೊಸೆ ಸುಚಿತ್ರಾ. ಗಂಡ ಲಿಂಗರಾಜು ಮಾತಿಗೆ ಮುಂಚೆ ಕೈ ಎತ್ತುವ ಆಸಾಮಿ. ಮನೆಯಲ್ಲಿದ್ದರೆ ಹರಿದು ಹಾಕುತ್ತಾರೆಂದು ಅವಳು ತನ್ನ ಓದಿನ ಕಾಗದಗಳನ್ನೆಲ್ಲ ಒಂದು ಕವರಿನಲ್ಲಿ ತಂದು ಪಾರ್ವತಮ್ಮನವರ ಡ್ರಾಯರಿನಲ್ಲಿ ಇಟ್ಟಿದ್ದಳು. 2006ರಲ್ಲಿ ಕಡಕೊಳದ ಒಂದು ಫ್ಯಾಕ್ಟರಿ ಆಫೀಸಿನಲ್ಲಿ ಅವಳಿಗೆ ಕೆಲಸ ಗೊತ್ತಾಯಿತು. ಹೆಂಗಸರ ಹಾಸ್ಟೆಲಿಗೆ ಅರ್ಜಿ ಬರೆದು, ಫೋಟೊ ಅಂಟಿಸಿ, ಪ್ರತಿ ತೆಗೆಸಲು ಬಂದಳು. ಅಲ್ಲಿ ಜಾಗ ಸಿಕ್ಕ ದಿನವೇ ಗಂಡನ ಮನೆ ಬಿಡುವುದೆಂದು ತೀರ್ಮಾನ. ಅಲ್ಲಿಯವರೆಗೆ ಆ ತಾಯಿಮಗನಿಗೆ ಸುಳಿವು ಸಿಗಬಾರದು.

"ನಿಮ್ಮನ್ನ ಬಿಟ್ರೆ ಯಾರ್ಗೂ ಗೊತ್ತಿಲ್ಲ ಅಮ್ಮ" ಎಂದಳು.

ಮೊದಲ ಪ್ರತಿ ಓರೆಯಾಗಿ ಬಂತು. ಪಾರ್ವತಮ್ಮ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಟ್ಟರು.

ಅವಳು ಅತ್ತ ಹೋದದ್ದೇ, ಇತ್ತ ಚಂದ್ರಮೌಳಿ ಕ್ಯಾಮೆರಾ ಹೊತ್ತು ಬಂದ. ಸಾಕ್ಷ್ಯಚಿತ್ರ ತೆಗೆಯುವವನು. ಲಕ್ಕಿ ಡ್ರಾ ಡಬ್ಬಿಗೆ, ಸೈಬರ್ ಸೆಂಟರಿನ ಪುಸ್ತಕಕ್ಕೆ ಜನ ಬರೆದುಕೊಡುವ ಹೆಸರು, ವಿಳಾಸ, ಫೋನ್ ನಂಬರು ಯಾರ ಕಂಪ್ಯೂಟರಿಗೆ ಹೋಗಿ ಸೇರುತ್ತವೆ ಎಂಬುದು ಅವನ ಚಿತ್ರದ ವಿಷಯ. ಹಿಂದೆ ಎರಡು ಸಲ ಬಂದಾಗ, ಇವನು ಇನ್ಕಮ್ ಟ್ಯಾಕ್ಸಿನವನೋ ಪೊಲೀಸಿನವನೋ ಎಂದು ಪಾರ್ವತಮ್ಮ ಬಾಗಿಲಲ್ಲೇ ತಡೆದು ಕಳಿಸಿದ್ದರು. ಈ ಸಲ ಅವನ ಗುರುತಿನ ಚೀಟಿಯ ಪ್ರತಿ ತೆಗೆದು ತಮ್ಮ ಹತ್ತಿರ ಇಟ್ಟುಕೊಂಡ ಮೇಲೇ ಒಳಗೆ ಬಿಟ್ಟದ್ದು! ಗಿರಾಕಿಗಳ ಮುಖ ತೆಗೆಯಬಾರದು, ಮೆಷಿನ್ನಿನ ಗಾಜಿನ ಮೇಲಿರುವುದನ್ನು ತೆಗೆಯಬಾರದು ಎಂದು ಕಟ್ಟಳೆ ಹಾಕಿದರು. ಅವನು ಎಲ್ಲಕ್ಕೂ ತಲೆಯಾಡಿಸಿದ. ಮೈಸೂರೆಲ್ಲ ಹುಡುಕಿದರೂ ಕೆಟ್ಟ ಪ್ರತಿ ಸುಡುವ ಅಂಗಡಿ ನಿಮ್ಮದೊಂದೇ ಸಿಕ್ಕಿದ್ದು ಎಂದ. ಹನ್ನೆರಡು ವರ್ಷ ಬೀದಿಯವರ ನಗು ಕೇಳಿದ್ದ ಜೀವ ಆ ಒಂದು ಮಾತಿಗೆ ಬೆಣ್ಣೆಯಂತೆ ಕರಗಿತು. ಹೇಗೆ ಹರಿಯುತ್ತೀರಿ ತೋರಿಸಿ ಎಂದಾಗ, ಕೈಗೆ ಸಿಕ್ಕ ಹಾಳೆ ಎತ್ತಿ ಕ್ಯಾಮೆರಾಕ್ಕೆ ಹಿಡಿದು, "ನೋಡಿ, ಹಿಂಗೆ" ಎಂದು ನಾಲ್ಕಾಗಿ ಹರಿದರು.

ಮೂರು ವಾರದ ಮೇಲೆ, ಒಂದು ಭಾನುವಾರ ಸಂಜೆ, ಹತ್ತಿರದ ಕಲ್ಯಾಣಮಂಟಪದಲ್ಲಿ ಚಿತ್ರ ತೋರಿಸಿದರು. ನಮ್ಮ ಪಾರ್ವತಮ್ಮ ಪಿಕ್ಚರಿನಲ್ಲಿ ಬರುತ್ತಾರಂತೆ ಎಂದು ಬೀದಿಗೆ ಬೀದಿಯೇ ಬಂದಿತ್ತು. ವಸಂತಮ್ಮನೂ ಬಂದಿದ್ದರು. ಹಾಸ್ಟೆಲಿನಿಂದ ಸುಚಿತ್ರಾಳಿಗೆ ಇನ್ನೂ ಉತ್ತರ ಬಂದಿರಲಿಲ್ಲ. ಇವನು ಎಲ್ಲಿ ಮಾತು ತಪ್ಪಿದ್ದಾನೆ ಎಂದು ಪಾರ್ವತಮ್ಮ ರೆಪ್ಪೆ ಮಿಟುಕಿಸದೆ ನೋಡಿದರು. ಎಲ್ಲೂ ತಪ್ಪಿರಲಿಲ್ಲ. ಆಮೇಲೆ ಪರದೆಯ ಮೇಲೆ ಅವರದೇ ಕೈ ಬಂತು. ಕೈಯಲ್ಲಿ ಹಾಳೆ. ಗೋಡೆಯಗಲ ಸುಚಿತ್ರಾಳ ಫೋಟೊ, ಅದರ ಮೇಲೆ ದಪ್ಪಕ್ಷರದಲ್ಲಿ 'ಮಹಿಳಾ ವಸತಿನಿಲಯ ಪ್ರವೇಶಕ್ಕೆ ಅರ್ಜಿ'. ಹಾಳೆ ಹರಿಯಿತು, ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವುದರೊಳಗೆ ಹಿಂದಿನ ಸಾಲಿನಿಂದ ವಸಂತಮ್ಮನ ದನಿ ಬಂತು.

"ಅದು ನಮ್ಮ ಸುಚಿತ್ರನ ಫೋಟೊ ಅಲ್ವಾ?"

ಆಗಲೂ ಪಾರ್ವತಮ್ಮನವರ ಅನುಮಾನ ಓಡಿದ್ದು ಚಂದ್ರಮೌಳಿಯ ಮೇಲೇ. ಬೇಕೆಂದೇ ಮಾಡಿದ್ದೀಯ, ವಸಂತಮ್ಮನ ಕಡೆಯವನು ನೀನು ಎಂದು ಅವನ ತೋಳು ಹಿಡಿದು ಜಗ್ಗಿದರು. ಅವನ ಮುಖ ಬಿಳಿಚಿಕೊಂಡಿತ್ತು.

"ನಾನು ಓದ್ಲೇ ಇಲ್ಲ ಅಮ್ಮ. ನೀವೇ ಎತ್ತಿ ಹಿಡಿದ್ರಿ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಯ್ದ ಬೇಲಿ ತಾನೇ ಎಂದು ಗೊತ್ತಾದ ಮೇಲೆ ಅವರು ಅಲ್ಲಿ ನಿಲ್ಲಲಿಲ್ಲ. ಹಿಂದಿನ ಬೀದಿಗೆ ಓಡಿದರು. ಅಷ್ಟರಲ್ಲಿ ವಸಂತಮ್ಮ ಮನೆ ಸೇರಿ ಅಗುಳಿ ಹಾಕಿಯಾಗಿತ್ತು. ಒಳಗೆ ಲಿಂಗರಾಜುವಿನ ಕೂಗಾಟ ಕೇಳುತ್ತಿತ್ತು. ಅಕ್ಕಪಕ್ಕದವರನ್ನು ಕರೆದು, ಅಂಗೈ ಊದುವ ತನಕ ಬಾಗಿಲು ಬಡಿದರು. ಯಾರೂ ತೆರೆಯಲಿಲ್ಲ.

ನಾಲ್ಕನೇ ದಿನ ಸುಚಿತ್ರಾ ಬಂದಳು. ಸುದ್ದಿ ತಿಳಿದು ಬಂದಿದ್ದ ಅವಳ ಅಣ್ಣ ಹೊರಗೆ ಆಟೋದಲ್ಲಿ ಕೂತಿದ್ದ. ಅವಳ ಎಡಗಣ್ಣು ಬಾತು ಮುಚ್ಚಿಹೋಗಿತ್ತು. ಕೆಲಸ ಹೋಯಿತೇ, ಹಾಸ್ಟೆಲ್ ಏನಾಯಿತು ಎಂದು ಕೇಳುವ ಧೈರ್ಯ ಪಾರ್ವತಮ್ಮನವರಿಗೆ ಬರಲಿಲ್ಲ. ತಪ್ಪಾಯ್ತು ಕಣಮ್ಮ ಎಂದು ಅತ್ತುಬಿಟ್ಟರು. ಸುಚಿತ್ರಾ ಬೈಯಲಿಲ್ಲ, ಅಳಲಿಲ್ಲ. ಕವರು ಕೊಡಿ ಎಂದಳು, ಅಷ್ಟೇ.

ಪಾರ್ವತಮ್ಮ ಡ್ರಾಯರಿನಿಂದ ಕವರು ತೆಗೆದುಕೊಟ್ಟರು. ಸುಚಿತ್ರಾ ಅದನ್ನು ಕೌಂಟರಿನ ಮೇಲೆ ಬಿಚ್ಚಿ, ಅವರ ಕಣ್ಣೆದುರಿಗೇ ಒಂದೊಂದೇ ಹಾಳೆ ಎಣಿಸಿದಳು. ಮುಗಿಸಿ, ಮೊದಲಿಂದ ಇನ್ನೊಂದು ಸಲ ಎಣಿಸಿದಳು.