ಮಾಗಡಿ ಪೇಟೆಗೆ ಬಂದ ಕಾರಂಜಿ

ಮಾಗಡಿ ಪೇಟೆ ಹೇಗಾಗಬೇಕು ಅಂತ ಜನರನ್ನು ಕೇಳಿ ಬರುವ ಸರ್ವೆ ಕೆಲಸಕ್ಕೆ ಹೋಗಿದ್ದೆ. ಬಿಸಿಲಲ್ಲಿ ಸೊಪ್ಪು ಮಾರುತ್ತಿದ್ದ ಅಜ್ಜಿಯೊಬ್ಬರಿಗೆ ಕುಡಿಯಲು ನನ್ನ ನೀರಿನ ಬಾಟಲಿ ಕೊಟ್ಟರೆ, ಅವರು ಸೊಪ್ಪಿನ ಮೇಲೆ ಒಸಿ ಚಿಮುಕಿಸಿ ವಾಪಸ್ ಕೊಟ್ಟರು.

"ಪೇಟೆಗೆ ಬಂದ್ರೆ ಮನೆ ಸೇರೋಗಂಟ ನಾವು ಹೆಂಗಸ್ರು ನೀರು ಕುಡಿಯಾಕಿಲ್ಲ ಕಣವ್ವ. ಕುಡುದ್ರೆ ಎಲ್ಲಿಗೆ ಹೋಗದು? ನಮಗೊಂದು ಕಕ್ಕಸು ಕಟ್ಸಿ, ಸಾಕು."

ನನ್ನ ಫೋನಿನ ಸರ್ವೆಯಲ್ಲಿ ಉತ್ತರವಾಗಿ ಒತ್ತಲು ಇದ್ದದ್ದು ಕಾರಂಜಿ, ಗಡಿಯಾರದ ಗೋಪುರ, ಸೆಲ್ಫಿ ಪಾಯಿಂಟ್ ಅಷ್ಟೇ. ನಮ್ಮ ಸಾಹೇಬರಿಗೆ ಫೋನ್ ಮಾಡಿ ಹೇಳಿದೆ.

"ನಾವು ಕೇಳ್ತಿರೋದು ಪೇಟೆ ಅಂದದ ಬಗ್ಗೆ ಕಣಮ್ಮ. ಯಾವುದೋ ಒಂದು ಒತ್ತಿ ಮುಂದಕ್ಕೆ ಹೋಗು."

ಮೈ ಉರಿದುಹೋಯಿತು. ಒಂದನ್ನೂ ಒತ್ತದೆ ಬಂದೆ. ಕಾರಂಜಿ ಹೇಗೂ ಬಂತು. ಅಜ್ಜಿ ಈಗ ಅದರ ಪಕ್ಕದಲ್ಲೇ ಒಣಗಿದ ಬಾಯಲ್ಲಿ ಕೂತಿರುತ್ತಾರೆ. ಕಾರಂಜಿಯ ತುಂತುರಿಗೆ ಸೊಪ್ಪು ಮಾತ್ರ ಸಂಜೆವರೆಗೂ ಬಾಡುವುದಿಲ್ಲ.